ಸದರಿ ಆಸಾಮಿ

ಗಣೇಶನ ಹಬ್ಬದ ದಿನ ಪುರೋಹಿತರನ್ನು ಕಾದು ಕಾದು ಸಾಕಾಗಿ ನಮ್ಮ ಚಿಕ್ಕಪ್ಪ ಪೇಟೆಯಿಂದ ಒಂದು ಪೂಜಾವಿಧಾನದ ಪುಸ್ತಕ ತಂದರು. ಪುರೋಹಿತರು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ ನಮ್ಮ ಮನೆ ಮುಟ್ಟುವ ಹೊತ್ತಿಗೆ ಕಡುಬು ಆರಿ, ಮಕ್ಕಳು ಅತ್ತು, ಗಣಪತಿಯೇ ಆಕಳಿಸುವಂತಾಗಿರುತ್ತಿತ್ತು. ಪುಸ್ತಕ ಬಂದ ಮೇಲೆ ಎಲ್ಲ ಸಲೀಸಾಯಿತು. ಚಿಕ್ಕಪ್ಪ ಮಡಿ ಉಟ್ಟು, ಕನ್ನಡಕ ಏರಿಸಿ, ಒಂದಕ್ಷರ ಬಿಡದೆ ಓದುತ್ತಿದ್ದರು. ಸಂಕಲ್ಪ ಬರುವ ಜಾಗದಲ್ಲಿ ಪುಸ್ತಕದವರು ‘ಅಮುಕ ಗೋತ್ರ, ಅಮುಕ ಶರ್ಮ’ ಎಂದು ಅಚ್ಚು ಹಾಕಿಸಿದ್ದರು. ಅಲ್ಲಿ ನಮ್ಮ ನಮ್ಮ ಗೋತ್ರ, ನಮ್ಮ ನಮ್ಮ ಹೆಸರು ಸೇರಿಸಿಕೊಳ್ಳಬೇಕು ಎಂದು ಕೆಳಗೆ ಬರೆದಿರಲಿಲ್ಲ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಅದನ್ನೂ ಗಂಭೀರವಾಗಿ ಓದಿಬಿಟ್ಟರು. ವರ್ಷಾವರ್ಷ ಓದಿದರು. ನಮ್ಮ ಮನೆಯ ಕಡುಬು, ಗರಿಕೆ, ಪಂಚಾಮೃತ, ಮಂಗಳಾರತಿ ಎಲ್ಲದರ ಫಲವೂ ಸೀದಾ ಅಮುಕ ಶರ್ಮನ ಖಾತೆಗೆ ಜಮೆಯಾಗುತ್ತ ಹೋಯಿತು.

ಸಂಸ್ಕೃತ ಬಲ್ಲ ಬೀಗರೊಬ್ಬರು ಒಂದು ಹಬ್ಬಕ್ಕೆ ಬಂದವರು ಇದನ್ನು ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ನಗಲಿಲ್ಲ. “ಅಂತೂ ಯಾರೋ ಒಬ್ಬ ಪುಣ್ಯಾತ್ಮ ನಮ್ಮನೆ ಕಡುಬಿನಿಂದ ಚೆನ್ನಾಗಿದಾನಲ್ಲ, ಇರಲಿ ಬಿಡು” ಎಂದಳು. ನನಗೆ ಅಂದಿನಿಂದ ಈ ಅಮುಕನ ಮೇಲೆ ಒಂದು ಕಣ್ಣು. ಪುಸ್ತಕ ನೋಡಿ ಪೂಜೆ ಮಾಡುವ ಎಷ್ಟು ಮನೆಗಳ ಪುಣ್ಯ ಅವನ ಪಾಲಾಗಿದೆಯೋ! ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಎಂದು ನಮ್ಮ ಹಿರಿಯರು ಒಂದು ಏರ್ಪಾಡು ಮಾಡಿದ್ದಾರೆ. ಹೆಸರು ಗೊತ್ತಿಲ್ಲದವರಿಗೆ ಮಾತ್ರ ಅಮುಕನೇ ಗತಿ.

ಅಮುಕನದು ಆರಾಮದ ಬದುಕು. ಅದೇ ವಂಶದ ದೇವದತ್ತನ ಪಾಡು ಹಾಗಲ್ಲ. ಸಂಸ್ಕೃತ ಶಾಸ್ತ್ರಗಳಲ್ಲಿ ಯಾರಿಗೆ ಯಾವ ಉದಾಹರಣೆ ಬೇಕಾದರೂ ದೇವದತ್ತನನ್ನೇ ಕರೆಯುತ್ತಾರೆ. ಪತಂಜಲಿಯ ಮಹಾಭಾಷ್ಯದ ಕಾಲದಿಂದ, ಅಂದರೆ ಎರಡು ಸಾವಿರ ವರ್ಷಕ್ಕೂ ಮೇಲೆ, ಅವನು ಅನ್ನ ಬೇಯಿಸುತ್ತಿದ್ದಾನೆ, ಹಸು ಹೊಡೆದುಕೊಂಡು ಬರುತ್ತಿದ್ದಾನೆ, ಊರಿಂದೂರಿಗೆ ನಡೆಯುತ್ತಿದ್ದಾನೆ. ಒಂದು ದಿನ ರಜೆಯಿಲ್ಲ. ಮೀಮಾಂಸಕರು ಅವನ ಹೊಟ್ಟೆಗೇ ಕೈ ಹಾಕಿದರು. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ, ಆದ್ದರಿಂದ ರಾತ್ರಿ ಕದ್ದು ತಿನ್ನುತ್ತಿರಲೇಬೇಕು ಎಂದು ಅವರ ತೀರ್ಮಾನ. ಇದಕ್ಕೆ ಅರ್ಥಾಪತ್ತಿ ಎಂಬ ದೊಡ್ಡ ಹೆಸರು. ಥೈರಾಯ್ಡ್ ಎಂಬುದೊಂದು ಇದೆಯೆಂದು ಗೊತ್ತಿದ್ದರೆ ಒಂದು ಪ್ರಮಾಣವೇ ಕುಸಿದುಬೀಳುತ್ತಿತ್ತೇನೋ. ವೇದಾಂತಿಗಳು ಬಂದು ‘ಅಂದು ಅಲ್ಲಿ ನೋಡಿದ ದೇವದತ್ತನೇ ಇವನು’ ಎಂದು ಅವನನ್ನು ನಿಲ್ಲಿಸಿಕೊಂಡು ಜೀವಬ್ರಹ್ಮರ ಐಕ್ಯವನ್ನು ಸಾಧಿಸಿದರು. ಬ್ರಹ್ಮದ ತನಕ ಹೋಗಿ ಬಂದವನು ಮರುದಿನ ಮತ್ತೆ ಅನ್ನ ಬೇಯಿಸಲು ಕೂತ. ಕೈಗೊಬ್ಬ ಜೊತೆಗಾರ ಬೇಕಾದಾಗ ಯಜ್ಞದತ್ತ, ವಿಷ್ಣುಮಿತ್ರ ಬರುತ್ತಾರೆ. ನೈಯಾಯಿಕರ ಮನೆಯಲ್ಲಿ ಚೈತ್ರ, ಮೈತ್ರ. ಅರ್ಥವೇ ಇಲ್ಲದ ಹೆಸರು ಬೇಕೆಂದು ಹಟ ಹಿಡಿದ ವೈಯಾಕರಣರಿಗೆ ಡಿತ್ಥ, ಡವಿತ್ಥ ಎಂಬ ಇಬ್ಬರು ಸಿಕ್ಕಿದರು. ಪಾಪ, ಅವರ ಹೆಸರನ್ನು ಕೂಗಿ ಕರೆಯುವುದೂ ಕಷ್ಟ, ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರಿಗಂತೂ ಅಪಾಯ.

ನಮ್ಮ ಕನ್ನಡ ಶಾಲೆಯಲ್ಲಿ ದೇವದತ್ತನ ಚಾಕರಿಯನ್ನು ರಾಮ ವಹಿಸಿಕೊಂಡ. ರಾಮನು, ರಾಮನನ್ನು, ರಾಮನಿಂದ, ರಾಮನಿಗೆ ಎಂದು ವಿಭಕ್ತಿಗಳ ಮೆಟ್ಟಿಲು ಹತ್ತಿ ಇಳಿಯುವುದು ಅವನ ಬೆಳಗಿನ ಕೆಲಸ. ಮಧ್ಯಾಹ್ನ ಕರ್ತರಿ ಪ್ರಯೋಗದಲ್ಲಿ ರಾವಣನನ್ನು ಕೊಲ್ಲಬೇಕು. ಅದೇ ರಾವಣ ಕರ್ಮಣಿ ಪ್ರಯೋಗದಲ್ಲಿ ಇನ್ನೊಮ್ಮೆ ರಾಮನಿಂದ ಕೊಲ್ಲಲ್ಪಡಬೇಕು. ತ್ರೇತಾಯುಗದಲ್ಲಿ ಒಂದೇ ಸಲ ಸತ್ತವನು ನಮ್ಮ ಪ್ರೌಢಶಾಲೆಗಳಲ್ಲಿ ದಿನಕ್ಕೆರಡು ಸಲ ಸಾಯುತ್ತಾನೆ. ಲೆಕ್ಕದ ಪೀರಿಯಡ್ಡಿಗೆ ಬಂದರೆ ರಾಮನ ಹತ್ತಿರ ಯಾವಾಗಲೂ ಮಾವಿನ ಹಣ್ಣು. ಅರ್ಧ ಶಾಮನಿಗೆ, ಉಳಿದುದರಲ್ಲಿ ಮೂರನೇ ಒಂದು ಭಾಗ ಭೀಮನಿಗೆ. ಭೀಮನಿಗೆ ಮೂರನೇ ಒಂದು ಭಾಗ ಕೊಟ್ಟು ಅವನು ಸುಮ್ಮನಿದ್ದ ಎಂದರೆ ಅದು ಗಣಿತದಲ್ಲಿ ಮಾತ್ರ ನಡೆಯುವ ಮಾತು. ರೇಖಾಗಣಿತದ ಮೇಷ್ಟ್ರಿಗೆ ಮಾತ್ರ ಮನುಷ್ಯರ ಸಹವಾಸವೇ ಬೇಡ. ಅ, ಬ, ಕ ಎಂದು ಮೂರು ಚುಕ್ಕೆ ಇಟ್ಟು ತ್ರಿಭುಜ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಇದ್ದರೂ, ಇಲ್ಲದ ಮನುಷ್ಯನಿಂದ ಕೆಲಸ ತೆಗೆಯುವ ವಿದ್ಯೆಯಲ್ಲಿ ಇಂಗ್ಲೆಂಡಿನ ವಕೀಲರ ಮುಂದೆ ನಮ್ಮವರು ಬಚ್ಚಾಗಳು. ನಮ್ಮೂರಿನ ಬದು ಒತ್ತುವರಿ ವ್ಯಾಜ್ಯಗಳನ್ನು ನೋಡಿ ಬೆಳೆದ ನನಗೆ ಜಾನ್ ಡೋ ಎಂಬುವನ ಕಥೆ ಓದಿದಾಗ ಆ ವಕೀಲರಿಗೆ ಸಾಷ್ಟಾಂಗ ಹಾಕಬೇಕು ಅನ್ನಿಸಿತು. ಹಿಂದೆ ಆ ದೇಶದಲ್ಲಿ ನಿಮ್ಮ ಜಮೀನಿನಲ್ಲಿ ಇನ್ನೊಬ್ಬ ಬಂದು ಕೂತರೆ ಅದನ್ನು ಬಿಡಿಸಿಕೊಳ್ಳಲು ಇದ್ದ ದಾವೆಗಳು ನೀವು ಮುದುಕರಾಗುವ ತನಕ ಎಳೆಯುತ್ತಿದ್ದವು. ಗೇಣಿದಾರನನ್ನು ಯಾರಾದರೂ ಒಕ್ಕಲೆಬ್ಬಿಸಿದರೆ ಅವನಿಗೆ ಮಾತ್ರ ಚುರುಕಾದ ಒಂದು ದಾವೆಯ ದಾರಿ ಇತ್ತು. ಸರಿ, ವಕೀಲರು ಒಂದು ಉಪಾಯ ಹೂಡಿದರು. ಜಮೀನಿನ ಯಜಮಾನ ಜಾನ್ ಡೋ ಎಂಬುವನಿಗೆ ಗೇಣಿಗೆ ಕೊಟ್ಟ ಎಂದು ಬರೆದರು. ಜಾನ್ ಡೋ ಹೊಲಕ್ಕೆ ಇಳಿದ ಎಂದು ಬರೆದರು. ರಿಚರ್ಡ್ ರೋ ಎಂಬ ಇನ್ನೊಬ್ಬ ಬಂದು ಅವನನ್ನು ಕತ್ತು ಹಿಡಿದು ಆಚೆ ನೂಕಿದ ಎಂದೂ ಬರೆದರು. ಡೋ ಇಲ್ಲ, ರೋ ಇಲ್ಲ, ಗೇಣಿ ಇಲ್ಲ, ನೂಕಾಟವೂ ಇಲ್ಲ. ಇದ್ದದ್ದು ಹೊಲ ಒಂದೇ.

ಇನ್ನು ಮುಂದಿನದು ಕೇಳಿ. ಈ ಇಲ್ಲದ ರೋ, ನಿಜವಾಗಿ ಹೊಲದಲ್ಲಿ ಕೂತವನಿಗೆ ಒಂದು ಕಾಗದ ಬರೆಯುತ್ತಾನೆ. ‘ನೋಡಪ್ಪ, ನನ್ನ ಮೇಲೆ ದಾವೆ ಬಿದ್ದಿದೆ, ನನಗೂ ಆ ಜಮೀನಿಗೂ ಸಂಬಂಧವಿಲ್ಲ, ನೀನು ಬಂದು ವಾದ ಮಾಡಿಕೊಳ್ಳದಿದ್ದರೆ ನಿನ್ನನ್ನೇ ಎಬ್ಬಿಸಿಬಿಡುತ್ತಾರೆ’ ಎಂಬ ಅರ್ಥದ ಕಾಗದ. ಕೆಳಗೆ ‘ನಿನ್ನ ಪ್ರೀತಿಯ ಗೆಳೆಯ’ ಎಂದು ರುಜು. ಕೂತವನು ಹೆದರಿಕೊಂಡು ಕೋರ್ಟಿಗೆ ಓಡಿಬಂದರೆ ನ್ಯಾಯಾಧೀಶರು ಒಂದು ಷರತ್ತು ಹಾಕುತ್ತಿದ್ದರು: ಡೋಗೆ ಗೇಣಿ ಕೊಟ್ಟದ್ದು, ಅವನು ಹೊಲಕ್ಕೆ ಇಳಿದದ್ದು, ಅವನನ್ನು ನೂಕಿದ್ದು, ಮೂರನ್ನೂ ಒಪ್ಪಿಕೊ. ಆಮೇಲೆ ಜಮೀನು ಯಾರದೆಂದು ನೋಡೋಣ. ಅಂದರೆ ಎಲ್ಲರಿಗೂ ಗೊತ್ತಿರುವ ಸುಳ್ಳನ್ನು ಮೊದಲು ಎಲ್ಲರೂ ಒಪ್ಪಿ, ಅನಂತರ ಸತ್ಯದ ವಿಚಾರಣೆ. ಈ ನಾಟಕ ಶತಮಾನಗಳ ಕಾಲ ಒಬ್ಬರೂ ನಗದೆ ನಡೆಯಿತು. 1852ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಪರದೆ ಎಳೆಯಿತು. ಅಷ್ಟರೊಳಗೆ ಡೋ ಸಾಹೇಬ ಹಡಗು ಹತ್ತಿ ಕಲ್ಕತ್ತೆಗೂ ಬಂದಿದ್ದ. ಅಲ್ಲಿನ ಹಳೆಯ ಸುಪ್ರೀಂ ಕೋರ್ಟಿನ ವರದಿಗಳಲ್ಲಿ ಬಂಗಾಳಿ ಬಾಬುಗಳ ಹೆಸರಿನ ಪಕ್ಕದಲ್ಲಿ ಅವನ ಹೆಸರೂ ಇದೆ. ರೋ ವಂಶದ ಒಬ್ಬ ಹೆಣ್ಣುಮಗಳು ಅಮೆರಿಕದಲ್ಲಿ ಇನ್ನೂ ದೊಡ್ಡ ಹೆಸರು ಮಾಡಿದಳು. ಗರ್ಭಪಾತದ ಹಕ್ಕಿನ 1973ರ ಪ್ರಸಿದ್ಧ ಮೊಕದ್ದಮೆಯಲ್ಲಿ ವಾದಿಯ ಗುಟ್ಟು ಕಾಪಾಡಲು ಇಟ್ಟ ಹೆಸರು ಜೇನ್ ರೋ. ಆಕೆಯ ನಿಜವಾದ ಹೆಸರು ಎಷ್ಟು ಜನರಿಗೆ ನೆನಪಿದೆ? ರೋ ಮಾತ್ರ ಎಲ್ಲರಿಗೂ ಗೊತ್ತು.

ಇವರಿಗೂ ಹಿಂದೆ ರೋಮಿನ ವಕೀಲರು ಮಾದರಿ ದಾವೆಗಳಲ್ಲಿ ವಾದಿಗೆ ಆಲಸ್ ಅಗೇರಿಯಸ್, ಪ್ರತಿವಾದಿಗೆ ನ್ಯುಮೇರಿಯಸ್ ನೆಗಿಡಿಯಸ್ ಎಂದು ಹೆಸರಿಟ್ಟಿದ್ದರು. ದಾವೆ ಹಾಕುವವನು, ಕೊಡಲಾರೆ ಎನ್ನುವವನು ಎಂಬ ಶ್ಲೇಷೆ ಅದರೊಳಗೆ ಅಡಗಿದೆಯಂತೆ. ಇದನ್ನು ಓದಿದಾಗ ನಮ್ಮ ಸಿವಿಲ್ ಕೋರ್ಟುಗಳಿಗೆ ಹೇಳಿ ಮಾಡಿಸಿದ ಹೆಸರುಗಳು ನಮ್ಮಲ್ಲೇ ಇದ್ದವಲ್ಲ ಎನ್ನಿಸಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ. ವಾದಿ ಕೋಡಂಗಿ, ಪ್ರತಿವಾದಿ ವೀರಭದ್ರ ಎಂದು ಅಚ್ಚು ಹಾಕಿಸಿಟ್ಟರೆ ಸಾಲ ವಸೂಲಿಯ ಯಾವ ದಾವೆಗೂ ಹೆಸರು ತಿದ್ದಬೇಕಾಗಿಲ್ಲ, ತೀರ್ಪನ್ನೂ ಬೇರೆ ಬರೆಯಬೇಕಾಗಿಲ್ಲ.

ಆದರೆ ಭಾರತದ ನ್ಯಾಯಾಲಯಗಳು ಆರಿಸಿಕೊಂಡದ್ದು ಅಶೋಕ್ ಕುಮಾರನನ್ನು. 2002ರಲ್ಲಿ ಫುಟ್‌ಬಾಲ್ ವಿಶ್ವಕಪ್ಪನ್ನು ಹಣ ಕೊಡದೆ ತೋರಿಸುತ್ತಿದ್ದ ಕೇಬಲ್ಲಿನವರನ್ನು ಒಬ್ಬೊಬ್ಬರನ್ನೇ ಹುಡುಕಿ ದಾವೆ ಹೂಡುವುದು ಆಗದ ಮಾತಾಗಿ, ದೆಹಲಿ ಹೈಕೋರ್ಟು ಹೆಸರು ಗೊತ್ತಿಲ್ಲದವರ ಮೇಲೂ ಆದೇಶ ಹೊರಡಿಸಿತು. ಆಮೇಲೆ ಸಿನಿಮಾದವರು ಈ ದಾರಿ ಹಿಡಿದರು. ಚಿತ್ರ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ, ಅದನ್ನು ಮುಂದೆ ಕದಿಯಲಿರುವ ಕಳ್ಳನ ಮೇಲೆ ಈಗಲೇ ಆದೇಶ ಸಿದ್ಧ. ಆ ಕಳ್ಳನ ಹೆಸರು ಅಶೋಕ್ ಕುಮಾರ್. 1943ರ ‘ಕಿಸ್ಮತ್’ ಚಿತ್ರದಲ್ಲಿ ನಟ ಅಶೋಕ್ ಕುಮಾರ್ ಜೇಬುಗಳ್ಳನ ಪಾತ್ರ ಮಾಡಿ ದೇಶವನ್ನೇ ಮರುಳು ಮಾಡಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನನಗೆ ಮಾತ್ರ ಬಿಡಿಸಿ ನೋಡಲು ಆಗುವುದಿಲ್ಲ. ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ ಒಬ್ಬರಾದರೂ ಅಶೋಕ್ ಕುಮಾರ್ ಇದ್ದೇ ಇರುತ್ತಾರೆ. ಪಾಪ, ಟಿಕೆಟ್ ಕೊಂಡು ಸಾಲಿನಲ್ಲಿ ನಿಂತು ಸಿನಿಮಾ ನೋಡುವ ಆ ಸಂಭಾವಿತರಿಗೆ ತಮ್ಮ ಮೇಲೆ ಎಷ್ಟು ಹೈಕೋರ್ಟುಗಳ ತಡೆಯಾಜ್ಞೆ ಇದೆಯೆಂಬುದು ಗೊತ್ತಿರಲಾರದು.

ಕೋರ್ಟಿನ ಈ ಶೋಕಿ ನಮ್ಮ ಪೊಲೀಸ್ ಠಾಣೆಗಳಿಗಿಲ್ಲ. ಅಲ್ಲಿನ ಕನ್ನಡ ನೆಟ್ಟಗಿನ ಕನ್ನಡ. ‘ಯಾರೋ ಕಳ್ಳರು ಮನೆಯ ಬೀಗ ಮುರಿದು ಒಳನುಗ್ಗಿ...’ ಎಂದು ಶುರು. ‘ಯಾರೋ’ ಎಂಬ ಎರಡಕ್ಷರದಲ್ಲಿ ಎಷ್ಟು ಉದಾರತೆ! ಹಿಡಿದ ಕೂಡಲೇ ‘ಯಾರೋ’ ಹೋಗಿ ‘ಸದರಿ ಆಸಾಮಿ’ ಆಗುತ್ತಾನೆ. ಸದರಿ ಆಸಾಮಿಯು ಸದರಿ ಸ್ಥಳದಲ್ಲಿ ಸದರಿ ಸೈಕಲ್ಲನ್ನು ಸದರಿ ಗೋಡೆಗೆ ಒರಗಿಸಿ... ಹೀಗೆ ನಾಲ್ಕು ಸಾಲು ಓದುವುದರೊಳಗೆ ಕಳ್ಳ ಯಾರು, ಮನೆಯವನು ಯಾರು, ಓದುತ್ತಿರುವ ನಾನು ಯಾರು ಎಂಬ ಭೇದವೇ ಅಳಿಸಿಹೋಗುತ್ತದೆ. ವೇದಾಂತಿಗಳು ದೇವದತ್ತನಿಂದ ಸಾಧಿಸಿದ್ದನ್ನು ನಮ್ಮ ರೈಟರ್ ಸಾಹೇಬರು ಒಂದು ಪುಟದಲ್ಲಿ ಸಾಧಿಸುತ್ತಾರೆ. ಕಂದಾಯ ಇಲಾಖೆಯವರು ಇನ್ನೂ ಮಿತವ್ಯಯಿಗಳು. ಹೆಸರಿನ ಜಾಗದಲ್ಲಿ ಒಂದು ಸಾಲು ಚುಕ್ಕೆ, ನಡುವೆ ‘ಬಿನ್’ ಅಥವಾ ‘ಕೋಂ’, ಮತ್ತೆ ಒಂದು ಸಾಲು ಚುಕ್ಕೆ. ಚುಕ್ಕೆಯ ಮಗ ಚುಕ್ಕೆ.

ಲೋಕದಲ್ಲೆಲ್ಲ ಇದೇ ವ್ಯವಹಾರ. ಚೀನಾದಲ್ಲಿ ಝಾಂಗ್ ಸಾನ್, ಲೀ ಸಿ. ರಷ್ಯಾದಲ್ಲಿ ಇವಾನೋವ್, ಪೆತ್ರೋವ್, ಸಿದೊರೋವ್. ಜರ್ಮನಿಯ ಮಾದರಿ ಗುರುತಿನ ಚೀಟಿಯ ಮೇಲೆ ಎರಿಕಾ ಮುಸ್ಟರ್‌ಮನ್ ಎಂಬ ಹೆಂಗಸು ನಗುತ್ತಿರುತ್ತಾಳೆ. ನೆರೆಮನೆಗೆ ಬಂದರೆ ತಮಿಳರ ಕುಪ್ಪನ್ ಸುಪ್ಪನ್, ತೆಲುಗರ ಎಲ್ಲಯ್ಯ ಪುಲ್ಲಯ್ಯ, ಮರಾಠಿಯವರ ಸೋಮ್ಯಾ ಗೋಮ್ಯಾ. ನಮ್ಮಲ್ಲಿ ಕಲ್ಲೇಶಿ ಮಲ್ಲೇಶಿ, ಧಾರವಾಡದ ಕಡೆ ಬಸ್ಯಾ, ಮೈಸೂರು ಕಡೆ ಬೋರ, ನಿಂಗ, ತಿಮ್ಮ.

ಇಲ್ಲಿ ನನಗೊಂದು ತಕರಾರಿದೆ. ಹಣ್ಣು ಹಂಚುವ ಕೆಲಸ ಬಂದಾಗ ರಾಮ. ತತ್ತ್ವ ಹೇಳುವಾಗ ದೇವದತ್ತ. ದಡ್ಡ ಬೇಕು ಅಂದಾಗ ಮಾತ್ರ ತಿಮ್ಮ, ಬೋರ, ನಿಂಗ. ಕಥೆಯಲ್ಲಿ ಕಸ ಗುಡಿಸುವವಳು ಬಂದರೆ ಅವಳು ನಿಂಗಿಯೇ ಆಗಬೇಕು. ಈ ಹೆಸರುಗಳನ್ನೆಲ್ಲ ಹಂಚಿದವನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ, ಹೆಸರಿನವರು ಬಿಸಿಲಿನಲ್ಲಿ ಹೊಲ ಉಳುತ್ತಿದ್ದರು ಎಂಬುದು ಸ್ಪಷ್ಟ. ಹೆಂಗಸರಿಗಂತೂ ಇದರಲ್ಲೂ ಪಾಲು ಕಡಿಮೆ. ನಗೆಹನಿಗಳ ಗುಂಡನಿಗೆ ಹೆಸರಿದೆ, ಅವನ ಹೆಂಡತಿ ಸಾಯುವ ತನಕ ಗುಂಡನ ಹೆಂಡತಿ.

ತಿಮ್ಮನ ವಿಷಯದಲ್ಲಿ ನಮ್ಮ ಮನೆಯಲ್ಲೊಂದು ವಿಶೇಷ ತೊಡಕಿತ್ತು. ನಮ್ಮ ತಾತನ ಹೆಸರು ತಿಮ್ಮಪ್ಪಯ್ಯ. ಅಜ್ಜಿ ಗಂಡನ ಹೆಸರು ಹೇಳುವವಳಲ್ಲ. ಧಾರವಾಡದ ಕಡೆಯ ಹೆಂಗಸರಿಗೆ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಅವಕಾಶವಾದರೂ ಉಂಟು, ನಮ್ಮ ಅಜ್ಜಿಗೆ ಅದೂ ಇಲ್ಲ. ಜನಗಣತಿಯವರು ಬಂದಾಗ ಕಿಟಕಿಯಾಚೆ ಕಾಣದ ತಿರುಪತಿಯ ದಿಕ್ಕಿಗೆ ಕೈ ತೋರಿಸುತ್ತಿದ್ದಳು. ಆದರೆ ರಾತ್ರಿ ಕೈತುತ್ತು ಹಾಕುವಾಗ ತಿಮ್ಮನ ಕಥೆ ಹೇಳಲೇಬೇಕು, ಅವಳಿಗೆ ಗೊತ್ತಿದ್ದ ಕಥೆಯೆಲ್ಲ ತಿಮ್ಮನದೇ. ಹಾಗಾಗಿ ಅಜ್ಜಿಯ ಕಥೆ ಹೀಗೆ ಶುರುವಾಗುತ್ತಿತ್ತು: “ಒಂದೂರಲ್ಲಿ ನಿಮ್ಮ ತಾತನ ಹೆಸರಿನವನು ಒಬ್ಬ ಇದ್ದ ಕಣ್ರೋ. ಶತದಡ್ಡ.” ಕತ್ತೆಗೆ ಭಾರವಾದೀತೆಂದು ಮೂಟೆಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಕತ್ತೆ ಏರಿ ಕೂತವನು ತಾತನ ಹೆಸರಿನವನು. ಸಂತೆಯಲ್ಲಿ ಕೋಡುಬಳೆ ತಿಂದು ದುಡ್ಡಿನ ಬದಲು ಬೈಗುಳ ಕೊಟ್ಟು ಬಂದವನೂ ತಾತನ ಹೆಸರಿನವನೇ. ಹೊರಗೆ ಜಗಲಿಯ ಮೇಲೆ ತಾತ ಸುಮ್ಮನೆ ಕೆಮ್ಮುತ್ತಿದ್ದರು. ಬೀದಿಯಲ್ಲಿ ಕೋತಿ ಆಡಿಸುವವನು “ಬಾರೋ ತಿಮ್ಮಣ್ಣ, ಲಾಗ ಹಾಕೋ” ಎಂದು ಕೂಗಿದಾಗ ಮಾತ್ರ ಅಜ್ಜಿ ಸಿಡಿಮಿಡಿಗೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗಂಡನನ್ನು ಬಯ್ಯುವ ಹಕ್ಕು ಹೊರಗಿನವರಿಗಿಲ್ಲ ಎಂಬುದು ಅವಳ ನಿಲುವು.

ತಿಮ್ಮನ ಪರವಾಗಿ ನಿಂತವರು ಇಬ್ಬರು ದೊಡ್ಡವರು. ಡಿ.ವಿ.ಜಿ. 1943ರಲ್ಲಿ ಅವನ ಹೆಸರಿನ ಹಿಂದೆ ‘ಮಂಕು’ ಸೇರಿಸಿ ಕಗ್ಗ ಬರೆದರು. ಮಂಕ ಎನ್ನಿಸಿಕೊಂಡವನ ಹೆಸರಿನಲ್ಲೇ ಕನ್ನಡದ ಜನ ಈಗ ಬದುಕಿನ ಬುದ್ಧಿ ಹೇಳಿಸಿಕೊಳ್ಳುತ್ತಾರೆ, ಮದುವೆ ಕಾಗದದ ಮೇಲೂ ಅಚ್ಚು ಹಾಕಿಸುತ್ತಾರೆ. ಬೀಚಿಯವರು ಅವನಿಗೆ ಸೊನ್ನೆ ಹಾಕಿ ‘ತಿಂಮ’ ಎಂದು ಬರೆದು, ಪುಸ್ತಕದ ಮೇಲೆ ಪುಸ್ತಕದಲ್ಲಿ ಅವನ ಕೈಯಿಂದ ದೊಡ್ಡಮನುಷ್ಯರ ಪೇಟ ಕೆಡವಿಸಿದರು. ದೇವದತ್ತನಿಗೆ ಎರಡು ಸಾವಿರ ವರ್ಷದಲ್ಲಿ ಸಿಗದ ಬಡ್ತಿ ನಮ್ಮ ತಿಮ್ಮನಿಗೆ ಇವರಿಬ್ಬರಿಂದ ಸಿಕ್ಕಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ವ್ಯಂಗ್ಯಚಿತ್ರದ ಚೌಕಳಿ ಕೋಟಿನ ಶ್ರೀಸಾಮಾನ್ಯನಿಗೆ ಹೆಸರೂ ಇಲ್ಲ, ಬಾಯೂ ಇಲ್ಲ. ಆದರೂ ಪುಣೆಯಲ್ಲಿ, ಮುಂಬೈಯ ವರ್ಲಿಯಲ್ಲಿ ಅವನ ಪ್ರತಿಮೆ ನಿಂತಿದೆ, ಏರ್ ಡೆಕ್ಕನ್ ವಿಮಾನಗಳ ಗುರುತಾಗಿ ಹಾರಾಡಿದ್ದೂ ಅವನೇ. ಬಾಯಿ ತೆರೆದ ಮಂತ್ರಿಗಳ ಹೆಸರು ಮರೆತೇ ಹೋಗಿದೆ.

ಈ ಬಳಗಕ್ಕೆ ನಮ್ಮ ಮನೆಯಿಂದಲೂ ಒಬ್ಬ ಸೇರಿಕೊಂಡ, ನಮ್ಮಕ್ಕನ ಮಗ. ಕನ್ನಡದವರ ಹೆಸರಿನ ಹಿಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಒಂದೇ ಒಂದು ಹೆಸರು. ಉಪನಾಮ ಎಂಬ ಬಾಲ ನಮ್ಮ ಮೈಸೂರು ಕಡೆಯವರಲ್ಲಿ ಬಹಳ ಜನಕ್ಕಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಅವನು ಇದ್ದ ಒಂದು ಹೆಸರನ್ನು ಉಪನಾಮದ ಕಾಲಂನಲ್ಲಿ ಹಾಕಿ ಹೆಸರಿನ ಕಾಲಂ ಖಾಲಿ ಬಿಟ್ಟುಬಂದ. ಅಮೆರಿಕದ ವೀಸಾ ಬಂದಾಗ ಖಾಲಿ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಅಚ್ಚಾಗಿತ್ತು. ಮೊದಲ ಹೆಸರು ಗೊತ್ತಿಲ್ಲ ಎಂಬುದನ್ನು ಆ ಸರ್ಕಾರ ಹಾಗೆ ಮೂರಕ್ಷರದಲ್ಲಿ ಹೇಳುತ್ತದೆ. ಅಲ್ಲಿನ ಬ್ಯಾಂಕು, ಲೈಸೆನ್ಸು, ಆಸ್ಪತ್ರೆ ಎಲ್ಲದರಲ್ಲೂ ಅವನು ಮಿಸ್ಟರ್ ಫ್ನೂ ಆದ. ಆಫೀಸಿನ ಬಿಳಿ ಗೆಳೆಯನೊಬ್ಬ ‘ನಿಮ್ಮ ದೇಶದಲ್ಲಿ ಫ್ನೂ ಬಹಳ ಜನಪ್ರಿಯ ಹೆಸರಲ್ಲವೇ, ನನಗೆ ಇನ್ನೂ ಮೂವರು ಫ್ನೂ ಗೊತ್ತು’ ಎಂದನಂತೆ. ಅವನು ಲೈಸೆನ್ಸಿನ ಫೋಟೋ ಕಳಿಸಿದಾಗ ಅಕ್ಕ ನನಗೆ ಫೋನ್ ಮಾಡಿ “ಮಗನ ಹೆಸರಿನ ಮುಂದೆ ಅದೇನೋ ಮೂರಕ್ಷರ ಹಾಕಿದ್ದಾರೆ ಕಣೋ, ಎಂಎಸ್ ಮುಗಿಯೋದರೊಳಗೆ ಇನ್ನೊಂದು ಡಿಗ್ರಿ ಕೊಟ್ಟುಬಿಟ್ರಾ?” ಎಂದು ಕೇಳಿದಳು. ನಾನು ಹೌದೆಂದೆ. ಪಕ್ಕದ ಮನೆಯವರಿಗೆಲ್ಲ ಸುದ್ದಿ ಮುಟ್ಟಿ ಒಂದು ಸುತ್ತು ಮೈಸೂರುಪಾಕು ಹಂಚಿಯೂ ಆಯಿತು. ಅವನೀಗ ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದರೆ ಜಾನ್ ಎನ್ನುತ್ತಾನೆ. ಡೋ ಎಂದು ಅವನೇನೂ ಸೇರಿಸುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ವಯಸ್ಸಾದಂತೆ ನನ್ನ ಪರಿಚಯದವರೆಲ್ಲ ಒಬ್ಬೊಬ್ಬರಾಗಿ ಅಮುಕ ಶರ್ಮರಾಗುತ್ತಿದ್ದಾರೆ. ಮುಖ ಗೊತ್ತು, ಮನೆ ಗೊತ್ತು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂಬುದೂ ಗೊತ್ತು. ಹೆಸರೊಂದು ಬಾಯಿಗೆ ಬರುವುದಿಲ್ಲ. ಪುಣ್ಯಕ್ಕೆ ಇಂಥ ಹೊತ್ತಿಗೆಂದೇ ಹಳೇ ಮೈಸೂರಿನವರು ‘ಇವ್ರೇ’ ಎಂಬ ಹೆಸರನ್ನು ಕಂಡುಹಿಡಿದಿಟ್ಟಿದ್ದಾರೆ. “ಏನ್ ಇವ್ರೇ, ಎಷ್ಟು ದಿನ ಆಯ್ತು ನೋಡಿ!” ಗೌರವಕ್ಕೆ ಕೊರತೆಯಿಲ್ಲ, ಗಂಡಸರಿಗೂ ಆಯಿತು, ಹೆಂಗಸರಿಗೂ ಆಯಿತು. ಸಲಿಗೆಯಿದ್ದರೆ ‘ಇವ್ನೇ’, ‘ಇವ್ಳೇ’. ಮಂಗಳೂರಿನವರಿಗೆ ‘ಮಾರಾಯ’ ಇದ್ದಾನೆ, ಬೆಂಗಳೂರಿನ ಹುಡುಗರಿಗೆ ‘ಗುರು’ ಮತ್ತು ‘ಮಗಾ’. ಒಂದೇ ಉಸಿರಿನಲ್ಲಿ ಒಬ್ಬನೇ ಗುರುವೂ ಆಗಿ ಮಗನೂ ಆಗುವ ಚಮತ್ಕಾರ ಬೆಂಗಳೂರಿನಲ್ಲಿ ಮಾತ್ರ ಸಾಧ್ಯ. ನಮ್ಮ ‘ಇವ್ರೇ’ಗೆ ಸರಿಸಾಟಿ ಯಾವುದೂ ಅಲ್ಲ. ಕಳೆದ ವಾರ ಮದುವೆಯೊಂದರಲ್ಲಿ ಪಕ್ಕದ ಎಲೆಯವರು ನನ್ನನ್ನು “ಇವ್ರೇ” ಎಂದರು, ನಾನು ಅವರನ್ನು “ಇವ್ರೇ” ಎಂದೆ. ಹೋಳಿಗೆ, ಚಿತ್ರಾನ್ನ ಮುಗಿದು ಮಜ್ಜಿಗೆ ಬರುವ ತನಕ ಎರಡೂ ಮನೆಗಳ ಯೋಗಕ್ಷೇಮ ಮಾತಾಡಿದೆವು. ಎದ್ದು ಕೈ ತೊಳೆಯುವಾಗ ಅವರ ಹೆಂಡತಿ ಬಂದು “ಯಾರ್ರೀ ಅವರು?” ಎಂದು ಮೆಲ್ಲಗೆ ಕೇಳಿದ್ದೂ, ಅವರು “ಅದೇ ಕಣೇ, ಇವರು” ಎಂದದ್ದೂ ಕೇಳಿಸಿತು.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಎಲ್ಲಾದರೂ ನಾವು ಎದುರುಬದುರಾದರೆ ‘ನನ್ನ ಹೆಸರು ಹೇಳಿ ನೋಡೋಣ’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ನಿಮ್ಮ ಹೆಸರು ನೀವೇ ಮೊದಲು ಹೇಳಿಬಿಡಿ. ಅದಾಗದಿದ್ದರೆ ‘ಇವ್ರೇ’ ಅನ್ನಿ, ನಾನೂ ಹಾಗೇ ಅನ್ನುತ್ತೇನೆ.